ಆರನೇ ಗುಂಡಿನಿಂದ ಗುರಿ ಚದುರುತ್ತಿದೆಯೇ? ರೈಫಲ್‌ಗೆ ಹೊಸ ಸೈಟ್ ಕೊಳ್ಳಬೇಡಿ, ನಳಿಗೆಗೆ ನೀರು ಕೊಡಿ

ಮೊದಲ ಐದು ಗುಂಡು ಒಂದೇ ಕಡೆ ಕೂರುತ್ತವೆ, ಆಮೇಲೆ ಚದುರುತ್ತವೆ, ರೈಫಲ್ ಶಾರ್ಪ್ಸ್ ಮಾದರಿಯ .45-70 (ಹಳೇ ಕಾಲದ ಅಮೆರಿಕನ್ ಒಂಟಿಗುಂಡಿನ ರೈಫಲ್), ತುಂಬುವುದು ಕರಿಮದ್ದು, ಅಂದರೆ ಹೊಗೆ ಕಾರುವ ಹಳೇ ಸಿಡಿಮದ್ದು. ದುಬಾರಿ ವರ್ನಿಯರ್ ಸೈಟ್ (ಎತ್ತರವನ್ನು ಸೂಕ್ಷ್ಮವಾಗಿ ಹೊಂದಿಸಿ ಗುರಿ ನೋಡುವ ಸಾಧನ) ಹಾಕಿಸಲೇ, ಮದ್ದು ಹೆಚ್ಚಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ನೀವು ಕುಮಟಾದವರು, ಈಗ ಡಲ್ಲಾಸ್‌ನಲ್ಲಿದ್ದೀರಿ ಎಂದು ಬರೆದಿರುವುದನ್ನು ಓದಿ ನನಗೆ ನನ್ನ ಡೆನ್ವರ್ ದಿನಗಳೇ ಕಣ್ಣಮುಂದೆ ಬಂದವು. ನಾನು ಶಿರಸಿಯವ. ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಅಲ್ಲಿದ್ದಾಗ ಇದೇ ರೈಫಲ್, ಇದೇ ತೊಂದರೆ, ಎರಡು ವರ್ಷ.

ನನಗೆ ಕರಿಮದ್ದಿನ ಹುಚ್ಚು ಹತ್ತಿದ್ದು ಅಜ್ಜನ ಕೇಪಿನ ಕೋವಿಯಿಂದ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ. ಬಾಳೆಗೆ ಮಂಗನ ಹಿಂಡು ಬಿದ್ದರೆ ಅಜ್ಜ ಚರೆ ಹಾಕದೆ ಬರೀ ಮದ್ದಿನ ಈಡು ಹೊಡೆಯುತ್ತಿದ್ದರು. ಆ ಸದ್ದು, ತೋಟದ ಮೇಲೆ ತೇಲುತ್ತಿದ್ದ ಆ ಬಿಳಿ ಹೊಗೆ ನನ್ನನ್ನು ಬಿಡಲೇ ಇಲ್ಲ. ಡೆನ್ವರ್‌ನಲ್ಲಿ ಕೆಲಸ ಸ್ಥಿರವಾದ ಮೇಲೆ ಮೊದಲು ಕೊಂಡದ್ದು ಆ ರೈಫಲ್.

ಮೊದಲ ದಿನವೇ 100 ಗಜದಲ್ಲಿ ಐದು ಗುಂಡು ಅಂಗೈಯಷ್ಟು ಜಾಗದಲ್ಲಿ ಕೂತವು. ಹತ್ತನೆಯದು ಮುಗಿಯುವಾಗ ಹಾಳೆಯ ಮೇಲಿನ ತೂತುಗಳು ಮೊರದಗಲಕ್ಕೆ ಹರಡಿದ್ದವು. ನಾನೂ ನಿಮ್ಮಂತೆಯೇ ಸೈಟ್ ಬದಲಿಸಿದೆ. ಸೀಸಕ್ಕೆ ಬೆರೆಸುವ ತವರ ಬದಲಿಸಿದೆ. ಗುಂಡಿನ ಅಚ್ಚು ಎರಡು ಸಲ ಬದಲಿಸಿದೆ. ಕೊನೆಗೆ ಧೈರ್ಯ ಮಾಡಿ ನ್ಯೂ ಮೆಕ್ಸಿಕೋದ ರಾಟನ್ ಮೈದಾನದ ಒಂದು ಸ್ಪರ್ಧೆಗೂ ಹೋದೆ. ಕಬ್ಬಿಣದ ತಗಡಿನ ಪ್ರಾಣಿಗಳನ್ನು ಉರುಳಿಸುವ ಆಟ ಅದು: 200 ಮೀಟರಿಗೆ ಕೋಳಿ, 300ಕ್ಕೆ ಹಂದಿ, 385ಕ್ಕೆ ಟರ್ಕಿ ಕೋಳಿ, 500ಕ್ಕೆ ಟಗರು. ಕೋಳಿ ಕೆಲವು ಬಿದ್ದವು. ಹತ್ತು ಟಗರುಗಳಲ್ಲಿ ಒಂದೂ ಬೀಳಲಿಲ್ಲ. ಹಿಂದಿರುಗುವಾಗ ನಾಲ್ಕು ತಾಸಿನ ದಾರಿಯುದ್ದಕ್ಕೂ ಮಾತಾಡಲು ಮನಸ್ಸಾಗಲಿಲ್ಲ.

ನನ್ನ ತಪ್ಪು ಒಂದೇ, ಅದನ್ನು ಬಿಡಿಸಿ ಹೇಳುತ್ತೇನೆ. ಗುಂಡು ಗುಂಡಿನ ನಡುವೆ ನಾನು ನಳಿಗೆಯನ್ನು ಪೆಟ್ರೋಲಿಯಂ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸುತ್ತಿದ್ದೆ. ಈಗಿನ ರೈಫಲ್‌ಗಳಿಗೆ ಅದು ಸರಿ, ಏಕೆಂದರೆ ಹೊಗೆರಹಿತ ಮದ್ದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗಿ ಹೋಗುತ್ತದೆ. ಕರಿಮದ್ದು ಬೇರೆ ಜಾತಿ. ನೂರರಲ್ಲಿ 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಇದ್ದಿಲು, 10 ಗಂಧಕ. ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ತೂಕ ಗಟ್ಟಿ ಪುಡಿಯಾಗಿಯೇ ಉಳಿಯುತ್ತದೆ. .45-70ರಲ್ಲಿ 70 ಎಂದರೆ 70 ಗ್ರೇನ್ ಮದ್ದು, ಸುಮಾರು ನಾಲ್ಕೂವರೆ ಗ್ರಾಂ; ಅದರಲ್ಲಿ ಎರಡು ಗ್ರಾಂ ಮೇಲ್ಪಟ್ಟು ಮಸಿ. ಬಹುಪಾಲು ಹೊಗೆಯ ಜೊತೆ ಹೊರಗೆ ಹೋದರೂ ಉಳಿದದ್ದು ನಳಿಗೆಯ ಒಳಮೈಯ ಸುರುಳಿ ಗೀರುಗಳಲ್ಲಿ ಕೂರುತ್ತದೆ. ಈ ಮಸಿ ಹೆಚ್ಚಾಗಿ ಪೊಟ್ಯಾಸಿಯಂನ ಲವಣಗಳು. ಲವಣ ಕರಗುವುದು ನೀರಿನಲ್ಲಿ. ಆ ಎಣ್ಣೆಯಲ್ಲಿ ಕರಗುವುದಿಲ್ಲ, ಅದರ ಜೊತೆ ಕಲಸಿಕೊಂಡು ಡಾಂಬರಿನಂತಾಗುತ್ತದೆ. ನಾನು ಒರೆಸುತ್ತಿದ್ದೇನೆ ಅಂದುಕೊಂಡು ಪ್ರತಿ ಸಲವೂ ಒಂದು ಪದರ ಡಾಂಬರು ಬಳಿಯುತ್ತಿದ್ದೆ. ಮೆತ್ತನೆ ಸೀಸದ ಗುಂಡು ಆ ಒರಟಿನ ಮೇಲೆ ಉಜ್ಜಿಕೊಂಡು, ಮೈ ಕೆಡಿಸಿಕೊಂಡು ಹೊರಬೀಳುತ್ತಿತ್ತು. ಅಂಥ ಗುಂಡು ಎಲ್ಲಿ ನೆಟ್ಟಗೆ ಹೋಗಬೇಕು?

ಗೊತ್ತಾದದ್ದು ಹೀಗೆ. ರಾಟನ್‌ನಿಂದ ಬಂದ ಸಂಜೆ ಒಣಬಟ್ಟೆ ಸುತ್ತಿದ ರಾಡನ್ನು ಹಿಂದಿನಿಂದ ತೂರಿಸಿದೆ. ನಳಿಗೆಯ ಬಾಯಿಗೆ ಇನ್ನು ಒಂದು ಗೇಣು ಇದೆ ಎನ್ನುವಾಗ ಸಿಕ್ಕಿಬಿತ್ತು. ಒತ್ತಿದರೆ ಮರಳು ತಿಕ್ಕಿದ ಹಾಗೆ ಕರಕರ ಸದ್ದು. ಅದೇ ಹೊತ್ತಿಗೆ ಊರಿಂದ ಅಪ್ಪನ ಫೋನ್. ಎಲ್ಲ ಹೇಳಿಕೊಂಡೆ. ಅಪ್ಪ ಕೇಳಿದ್ದು ಒಂದೇ ಮಾತು: "ಬಿಸ್ನೀರು ಹಾಕಿ ತೊಳದ್ಯ ಇಲ್ಯ?"

ಫೋನ್ ಇಟ್ಟ ಮೇಲೆ ಅಜ್ಜನ ಬಚ್ಚಲುಮನೆ ನೆನಪಾಯಿತು. ಈಡು ಹೊಡೆದ ದಿನ ಅಜ್ಜ ರಾತ್ರಿ ಊಟಕ್ಕೆ ಮೊದಲು ಕೋವಿ ತೊಳೆಯಲೇಬೇಕು. ಹಂಡೆಯಿಂದ ಕುದಿನೀರು ತೋಡಿ ತಂಬಿಗೆಯಲ್ಲಿ ನಳಿಗೆಗೆ ಹೊಯ್ಯುತ್ತಿದ್ದರು. ಮೊದಲ ನೀರು ಕಾಡಿಗೆಯಂತೆ ಕಪ್ಪಾಗಿ, ಗಂಧಕದ ವಾಸನೆ ಹೊತ್ತು ಇಳಿಯುತ್ತಿತ್ತು. ಮೂರನೇ ತಂಬಿಗೆಗೆ ತಿಳಿಯಾಗುತ್ತಿತ್ತು. ನಳಿಗೆ ಕೈ ಸುಡುವಷ್ಟು ಬಿಸಿಯಾಗುವುದರಿಂದ ಒಳಗಿನ ತೇವ ತಾನೇ ಆರುತ್ತಿತ್ತು. ನಾನು ಎಣ್ಣೆಕುಡಿಕೆ ಹಿಡಿದು ಅವಸರ ಮಾಡಿದರೆ, "ತಮಾ, ಮೊದ್ಲು ನೀರು, ಎಣ್ಣೆ ಕಡಿಗೆ" ಎನ್ನುತ್ತಿದ್ದರು. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಕೇಳಿದ್ದ ಮಾತು.

ಅಜ್ಜನಿಗಿಲ್ಲದ ಇನ್ನೊಂದು ಕಷ್ಟ ನನಗಿತ್ತು. ಶಿರಸಿಯ ಗಾಳಿಯಲ್ಲಿ ಮಸಿ ತೇವ ಹೀರಿ ಮೆತ್ತಗೇ ಇರುತ್ತದೆ. ಬೆಳಗಾಗುವುದರೊಳಗೆ ತುಕ್ಕು ಹಿಡಿಯುವುದೇ ಇಲ್ಲಿಯ ಭಯ. ಡೆನ್ವರ್‌ನ ಒಣಹವೆಯಲ್ಲಿ ಅದೇ ಮಸಿ ನಿಮಿಷಗಳಲ್ಲಿ ಬೆಂದ ಇಟ್ಟಿಗೆಯಂತಾಗುತ್ತದೆ. ಅದಕ್ಕೆ ಅಲ್ಲಿಯ ಹಳಬರು ಇಟ್ಟುಕೊಳ್ಳುವುದು ಊದುಗೊಳವೆ! ನಮ್ಮ ಒಲೆ ಊದುವ ಕೊಳವೆಯ ಅಣ್ಣತಮ್ಮ. ಖಾಲಿ ತೋಟಾದ ತಳಕ್ಕೆ ತೂತು ಕೊರೆದು ರಬ್ಬರ್ ನಳಿಕೆ ಸೇರಿಸುತ್ತಾರೆ. ಗುಂಡು ಹಾರಿದ ಮೇಲೆ ರೈಫಲ್‌ನಲ್ಲಿ ತೋಟಾ ತುಂಬುವ ಹಿಂದಿನ ಬಾಗಿಲು ತೆರೆದು, ಅದನ್ನು ಕೂರಿಸಿ, ನಾಲ್ಕೈದು ಸಲ ನಿಧಾನವಾಗಿ ಉಸಿರು ಬಿಡುವುದು. ಉಸಿರಿನ ತೇವ ಸಾಕು, ಮಸಿ ಮೆತ್ತಗಾಗುತ್ತದೆ. ಎಷ್ಟು ಸಲ ಊದುತ್ತೀರೋ ಪ್ರತಿ ಗುಂಡಿಗೂ ಅಷ್ಟೇ ಸಲ ಊದಿ.

ಗುಂಡಿನ ಮೈಗೆ ಹಚ್ಚುವ ಜಿಡ್ಡಿನದೂ ಇದೇ ಕೆಲಸ. 1857ರ ತೋಟಾಗಳ ಕೊಬ್ಬಿನ ಕಥೆಯನ್ನು ಶಾಲೆಯಲ್ಲಿ ಓದಿದ್ದೆವು, ಆದರೆ ಕೊಬ್ಬು ಹಚ್ಚುತ್ತಿದ್ದದ್ದೇಕೆ ಎಂದು ಯಾರೂ ಹೇಳಿರಲಿಲ್ಲ. ಎನ್‌ಫೀಲ್ಡ್ ಕೋವಿಯಲ್ಲಿ ಗುಂಡು ಸಲೀಸಾಗಿ ಇಳಿಯಲಿ, ಮಸಿ ಮೆತ್ತಗಿರಲಿ ಎಂದು. ನಾನು ಜೇನುಮೇಣಕ್ಕೆ ತೆಂಗಿನೆಣ್ಣೆ ಬೆರೆಸಿ ಕಾಯಿಸಿ ಹಚ್ಚುತ್ತಿದ್ದೆ; ಪೆಟ್ರೋಲಿಯಂ ಎಣ್ಣೆಯಂತೆ ಇದು ಮಸಿಯನ್ನು ಡಾಂಬರು ಮಾಡುವುದಿಲ್ಲ. ಹತ್ತು ಗುಂಡಾದ ಮೇಲೆ ನಳಿಗೆಯ ಬಾಯಿ ನೋಡಿ: ಅಂಚಿನಲ್ಲಿ ಜಿಡ್ಡು ನಕ್ಷತ್ರದಂತೆ ಮೂಡಿದ್ದರೆ ಅದು ಕೊನೆಯವರೆಗೂ ತಲುಪಿದೆ. ಒಣಗಿ ಬೂದು ಬಣ್ಣಕ್ಕಿದ್ದರೆ ನಡುದಾರಿಯಲ್ಲೇ ಮುಗಿದಿದೆ.

ಮದ್ದು ಹೆಚ್ಚಿಸುವ ಮಾತು ಬಿಟ್ಟುಬಿಡಿ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಬಾರದು, ಪ್ರತಿ ತೋಟಾ ಒಂದೇ ತೂಕವಿರಬೇಕು, ಅಷ್ಟೇ. ಹೊಗೆರಹಿತ ಮದ್ದನ್ನು ಕರಿಮದ್ದಿನ ಅಳತೆಯಲ್ಲಿ ತುಂಬುವ ಯೋಚನೆ ಕನಸಿನಲ್ಲೂ ಬೇಡ, ರೈಫಲ್ ಒಡೆದು ಮುಖಕ್ಕೆ ಬರುತ್ತದೆ. ಸೈಟ್ ಒಳ್ಳೆಯದೇ, 500 ಮೀಟರಿಗೆ ಬೇಕೇ ಬೇಕು. ಆದರೆ ಸೈಟ್ ಕೆಟ್ಟಿದ್ದರೆ ಮೊದಲ ಐದು ಗುಂಡು ಯಾಕೆ ಚೆನ್ನಾಗಿ ಕೂರುತ್ತಿದ್ದವು? ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ.

ಈ ಶನಿವಾರ ಹೀಗೆ ಮಾಡಿ. ಹೊರಡುವ ಮೊದಲು ನಳಿಗೆಯಲ್ಲಿರುವ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಹತ್ತು ಗುಂಡು, ಪ್ರತಿಯೊಂದರ ನಂತರ ಊದುವುದು, ಎಣ್ಣೆ ಮುಟ್ಟುವಂತಿಲ್ಲ. ನಾನು ಹೀಗೆ ಮಾಡಿದ ಮೊದಲ ದಿನ ಹತ್ತೂ ಗುಂಡು ಅಂಗೈಯೊಳಗೇ ಇದ್ದವು. ಆ ಹಾಳೆ ಮಡಿಚಿ ಇಟ್ಟುಕೊಂಡಿದ್ದೇನೆ, ಇಲ್ಲೇ ಕಪಾಟಿನಲ್ಲಿದೆ.

ಮನೆಗೆ ಬಂದ ಕೂಡಲೇ, ಊಟಕ್ಕೆ ಮೊದಲು, ಕುದಿನೀರು. ಆರಿದ ಮೇಲೆ ತೆಳುವಾಗಿ ಎಣ್ಣೆ. ಸುಟ್ಟ ಹಿತ್ತಾಳೆ ತೋಟಾಗಳನ್ನೂ ಆಗಲೇ ಸಾಬೂನು ನೀರಿಗೆ ಹಾಕಿ, ಹಾಗೇ ಬಿಟ್ಟರೆ ಕಿಲುಬು ಹಿಡಿಯುತ್ತವೆ.