ಗುಂಪಿನ ಜೊತೆ ಹಾಯಿದೋಣಿ ಪ್ರವಾಸಕ್ಕೆ ಹೋದರೆ ನಿಜವಾಗಿಯೂ ಕಡಲಿಗೆ ಹತ್ತಿರ ಆಗುತ್ತೀವಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಗುರುತು ಪರಿಚಯ ಇಲ್ಲದ ಏಳೆಂಟು ಜನರ ಜೊತೆ ಒಂದು ವಾರ ಹಾಯಿದೋಣಿಯಲ್ಲಿ ಕಳೆಯೋಕೆ ಆಗುತ್ತಾ? ಅದರಿಂದ ಪ್ರಕೃತಿಯ ಜೊತೆ ಕಳೆದುಹೋದ ನಂಟು ವಾಪಸ್ ಸಿಗುತ್ತಾ? ಮೊದಲನೆಯದಕ್ಕೆ ಧಾರಾಳವಾಗಿ ಹೂಂ ಅನ್ನುತ್ತೇನೆ. ಎರಡನೆಯದು ನೀವು ಯಾವ ದೋಣಿ ಹತ್ತುತ್ತೀರಿ ಅನ್ನೋದರ ಮೇಲಿದೆ.

ಕೆಲವು ಪ್ರವಾಸಗಳಲ್ಲಿ ಬೆಳಿಗ್ಗೆ ಒಂದು ಬಂದರು, ಸಂಜೆ ಇನ್ನೊಂದು. ಹಾಡು, ಪಾರ್ಟಿ, ಫೋಟೊ. ಮಜಾ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಕಡಲು ಫೋಟೊದ ಹಿಂದಿನ ಪರದೆ ಅಷ್ಟೆ. ಇನ್ನು ಕೆಲವದರಲ್ಲಿ ದೋಣಿ ನಡೆಸೋದರಲ್ಲಿ ನಿಮ್ಮದೂ ಪಾಲು. ಹಗ್ಗ ಎಳೆಯಬೇಕು, ಚುಕ್ಕಾಣಿ ಹಿಡಿಯಬೇಕು, ರಾತ್ರಿ ಸರದಿ ಪ್ರಕಾರ ಕಾವಲು ಕೂರಬೇಕು. ನೀವು ಹುಡುಕುತ್ತಿರೋದು ಇಂಥ ಕಡೆ ಸಿಗುತ್ತೆ.

ಯಾಕೆ ಅಂದರೆ, ಕೆಲಸ ಕೈಗೆ ಬಂದಾಗ ಗಾಳಿಯನ್ನು ಗಮನಿಸದೆ ವಿಧಿಯಿಲ್ಲ. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ಹೆಚ್ಚೂಕಡಿಮೆ 45 ಡಿಗ್ರಿ ಓರೆಯಾಗಿ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗುತ್ತಾ ಮುಂದೆ ಸಾಗಬೇಕು. ಚುಕ್ಕಾಣಿ ಹಿಡಿದ ಹೊಸದರಲ್ಲಿ ಕಣ್ಣೆಲ್ಲ ದಿಕ್ಸೂಚಿಯ ಮೇಲೇ ಇರುತ್ತೆ. ಬರಬರುತ್ತಾ ಗಾಳಿ ಯಾವ ಕೆನ್ನೆಗೆ ತಾಕುತ್ತಿದೆ ಅನ್ನೋದೇ ದಾರಿ ಹೇಳುತ್ತೆ. ಹಾಯಿಯ ಮುಂದಿನ ಅಂಚು ಪಟಪಟ ಅಂದರೆ ಗಾಳಿಯ ಕಡೆಗೆ ಜಾಸ್ತಿ ತಿರುಗಿದ್ದೀರಿ. ನೀರಿನ ಮೇಲೆ ಕಪ್ಪು ಸುಕ್ಕು ಓಡಿ ಬರುತ್ತಿದ್ದರೆ ಜೋರು ಗಾಳಿ ಹತ್ತಿರ ಬಂತು ಅಂತ ಲೆಕ್ಕ. ಕಣ್ಣು ಮುಚ್ಚಿ ಕೂತಾಗ ನನಗೆ ಯಾವತ್ತೂ ನಿಲ್ಲದ ಮನಸ್ಸು ಇಲ್ಲಿ ತಾನಾಗಿ ನಿಂತಿತು. ವೇಗ ಸಾಮಾನ್ಯವಾಗಿ 5–6 ನಾಟ್, ಅಂದರೆ ಗಂಟೆಗೆ ಹತ್ತು ಕಿಲೋಮೀಟರ್ ಆಸುಪಾಸು. ಅವಸರ ಮಾಡಿ ಏನೂ ಪ್ರಯೋಜನ ಇಲ್ಲ.

ರಾತ್ರಿ ಕಾವಲನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಡೆಕ್ ಮೇಲೆ ಕೆಂಪು ದೀಪ ಬಿಟ್ಟು ಬೇರೆ ಬೆಳಕು ಇರಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಯಾರಾದರೂ ಮೊಬೈಲ್ ತೆರೆದರೆ ಎಲ್ಲಾ ಮೊದಲಿಂದ ಶುರು! ಅದೃಷ್ಟ ಇದ್ದರೆ ದೋಣಿ ಸೀಳಿದ ನೀರು ನೀಲಿಯಾಗಿ ಮಿನುಗುತ್ತೆ. ಡೈನೋಫ್ಲ್ಯಾಜೆಲೇಟ್ ಅನ್ನೋ ಒಂದೇ ಜೀವಕೋಶದ ಜೀವಿಗಳು ನೀರು ಕಲಕಿದಾಗ ಚೆಲ್ಲುವ ಬೆಳಕು ಅದು. ದೋಣಿಯ ಕಮೋಡಿಗೆ ಕಡಲ ನೀರನ್ನೇ ಪಂಪ್ ಮಾಡೋದಲ್ವಾ, ಅಂಥ ರಾತ್ರಿ ದೀಪ ಹಾಕದೆ ಪಂಪ್ ಒತ್ತಿದರೆ ಅದರೊಳಗೂ ಕಿಡಿಗಳು. ನಕ್ಕು ನಕ್ಕು ಸಾಕಾಯಿತು ನಮಗೆ.

ಏಕಾಂತ ಬೇಕು ಅಂತಿದ್ದರೆ ಅದು ಕಷ್ಟ. ಕ್ಯಾಬಿನ್ ಗೋಡೆ ತೆಳು, ಪಕ್ಕದವರ ಗೊರಕೆ ಕೇಳುತ್ತೆ. ಸಿಹಿನೀರು ಅಳೆದು ಬಳಸಬೇಕು, ದಿನಾ ಸ್ನಾನದ ಆಸೆ ಬಿಡಿ. ಆದರೆ ರಾತ್ರಿ ಎರಡು ಗಂಟೆಗೆ ಜೊತೆಗೆ ಕಾವಲು ಕೂತವರ ಹತ್ತಿರ ಸುಮ್ನೆ ಇರೋಕೂ ಆಗುತ್ತೆ, ಮಾತಾಡಲೇಬೇಕು ಅಂತೇನಿಲ್ಲ.

ಇನ್ನು ದೋಣಿಯ ಅಲುಗಾಟಕ್ಕೆ ಬರೋ ವಾಂತಿಯ ವಿಷಯ. ಒಳಗಿವಿಗೆ ಅಲುಗಾಟ ಗೊತ್ತಾಗುತ್ತೆ, ಕ್ಯಾಬಿನ್‌ನಲ್ಲಿ ಕೂತ ಕಣ್ಣಿಗೆ ಕಾಣಲ್ಲ. ಈ ಗೊಂದಲವೇ ಕಾರಣ. ಮೇಲೆ ಬಂದು ದೂರದ ದಿಗಂತ ನೋಡಿ, ಸಾಧ್ಯವಾದರೆ ಚುಕ್ಕಾಣಿ ಕೇಳಿ ಹಿಡಿಯಿರಿ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಹದಕ್ಕೆ ಬರುತ್ತೆ. ಮಾತ್ರೆಯನ್ನು ಹೊರಡೋ ಮುಂಚೆಯೇ ತಗೋಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲಲ್ಲ. ಕೆಲವು ಮಾತ್ರೆಗೆ ನಿದ್ದೆ ಬರುತ್ತೆ, ಡಾಕ್ಟರ್ ಕೇಳಿ ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ.

ದುಡ್ಡು ಕಟ್ಟುವ ಮುಂಚೆ ಸ್ಕಿಪ್ಪರ್‌ಗೆ, ಅಂದರೆ ದೋಣಿಯ ಮುಖ್ಯಸ್ಥರಿಗೆ, ಇಷ್ಟು ಕೇಳಿ: ಎಷ್ಟು ರಾತ್ರಿ ಕಡಲಲ್ಲೇ ಸಾಗುತ್ತೀವಿ, ಹೊಸಬರಿಗೆ ಚುಕ್ಕಾಣಿ ಕೊಡ್ತೀರಾ, ರಾತ್ರಿ ಡೆಕ್ ಮೇಲೆ ಲೈಫ್ ಜಾಕೆಟ್ ಜೊತೆ ಸುರಕ್ಷತಾ ಹಗ್ಗ ಸಿಕ್ಕಿಸಿಕೊಳ್ಳೋದು ಕಡ್ಡಾಯವಾ, ಲಂಗರನ್ನು ಮರಳಿನ ಮೇಲೆ ಹಾಕ್ತೀರಾ ಅಥವಾ ಹವಳ, ಕಡಲಹುಲ್ಲಿನ ಮೇಲೂ ಹಾಕ್ತೀರಾ. ಕೊನೆಯ ಪ್ರಶ್ನೆಗೆ ಗೊಣಗಿದರೆ ಬೇರೆ ದೋಣಿ ನೋಡಿ.