ಪ್ರತಿಕ್ರಿಯೆ: ಅಪಘಾತದಲ್ಲಿ ಸತ್ತವರ ಮನೆಯವರಿಗೆ ಸುದ್ದಿ ತಿಳಿಸುವ ಬಗೆ

ಕುಷ್ಟಗಿ ಹೆದ್ದಾರಿಯ ಅಪಘಾತಗಳಲ್ಲಿ ಸಾವಿನ ಸುದ್ದಿ ಕೇಳಿದೊಡನೆ ಬಂಧುಗಳು ನಿಮ್ಮ ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಮುಗಿಬೀಳುತ್ತಾರೆ, ಸುದ್ದಿಯನ್ನು ಹೇಗೆ ತಿಳಿಸಬೇಕು ಎಂದು ಕೇಳಿದ್ದೀರಿ. ಹಾಗಾಗುವುದಕ್ಕೆ, ಅದುವರೆಗೆ ಅವರನ್ನು ಏನೂ ತಿಳಿಸದೆ ಹೊರಗೆ ನಿಲ್ಲಿಸಿರುವುದೇ ಬಹುಮಟ್ಟಿಗೆ ಕಾರಣವಾಗಿರಬೇಕು. ಚಿಕಿತ್ಸೆ ನಡೆಯುತ್ತಿರುವಾಗಲೇ ಶುಶ್ರೂಷಕಿಯೊಬ್ಬರನ್ನು ಅವರಿಗೆಂದೇ ನೇಮಿಸಿ, ಸ್ಥಿತಿ ಗಂಭೀರವಾಗಿದೆಯೆಂದು ಆಗಾಗ ಹೇಳಿಸಿ.

ಪ್ರಾಣ ಹೋದ ಮೇಲೆ ಹತ್ತಿರದವರನ್ನು ಬಾಗಿಲು ಮುಚ್ಚಬಹುದಾದ ಕೋಣೆಯಲ್ಲಿ ಕೂರಿಸಿ, ಚಿಕಿತ್ಸೆ ನೀಡಿದ ವೈದ್ಯರೇ ಹೆಸರು ಹಿಡಿದು ‘ತೀರಿಕೊಂಡಿದ್ದಾರೆ’ ಎಂದು ಸ್ಪಷ್ಟವಾಗಿ ಹೇಳಬೇಕು. ‘ಕೈಮೀರಿದೆ, ಬಳ್ಳಾರಿಗೆ ಒಯ್ದು ನೋಡಿ’ ಎಂಬಂಥ ಮಾತು ಹುಸಿ ಆಸೆ ಹುಟ್ಟಿಸುತ್ತದೆ. ಅನಂತರ ಕೆಲವು ನಿಮಿಷ ಸುಮ್ಮನಿರಿ, ಅಳುವನ್ನು ತಡೆಯಬೇಡಿ.

ಗಾಯಗಳಿಗೆ ಬಟ್ಟೆ ಹೊದಿಸಿ, ಏನು ಕಾಣುತ್ತದೆಂದು ಮೊದಲೇ ವಿವರಿಸಿ, ಬಯಸಿದವರಿಗೆ ಸಿಬ್ಬಂದಿಯ ಸಮ್ಮುಖದಲ್ಲಿ ಮುಖ ತೋರಿಸಿ. ಪೊಲೀಸ್ ಪ್ರಕರಣವಾದ್ದರಿಂದ ಚಿಕಿತ್ಸೆಗೆಂದು ದೇಹಕ್ಕೆ ಹಾಕಿದ ನಳಿಕೆಗಳನ್ನು ತೆಗೆಯಬೇಡಿ. ಇಕ್ಕಟ್ಟಾದ ವಾರ್ಡಿನಲ್ಲಿ ಎಲ್ಲರನ್ನೂ ಒಳಗೆ ಬಿಡುವುದು ಆಗದಿರಬಹುದು, ಅದು ನಿಮ್ಮ ವಿವೇಚನೆ.

ಹೆಚ್ಚಿನ ಜಗಳ ಹುಟ್ಟುವುದು ಮರಣೋತ್ತರ ಪರೀಕ್ಷೆಯ ವಿಷಯದಲ್ಲಿ. ಪಂಚನಾಮೆ, ಪರೀಕ್ಷೆ, ಶವ ಹಸ್ತಾಂತರ ಎಂಬ ಕ್ರಮವನ್ನೂ, ವಿಮೆ ಮತ್ತು ಪರಿಹಾರಕ್ಕೆ ಆ ವರದಿ ಬೇಕಾಗುತ್ತದೆಂಬುದನ್ನೂ ಚೀಟಿಯಲ್ಲಿ ಬರೆದು, ಜೊತೆಗೆ ಬಂದ ಹಿರಿಯರೊಬ್ಬರ ಕೈಗೆ ಕೊಡಿ, ಏಕೆಂದರೆ ಆ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದು ನೆನಪಿನಲ್ಲಿ ಉಳಿಯುವುದಿಲ್ಲ. ನೇತ್ರದಾನಕ್ಕೆ ಸಾಮಾನ್ಯವಾಗಿ 6 ಗಂಟೆಗಳ ಅವಕಾಶವಿರುವುದರಿಂದ ಆ ಮಾತನ್ನು ಸುದ್ದಿಯ ಜೊತೆಗೇ ಎತ್ತುವ ಅಗತ್ಯವಿಲ್ಲ.