ಸಯ್ಯಾಜಿರಾವ್ ರಸ್ತೆಯ ಅಡಿಯಲ್ಲಿರುವ ನಾಲೆ

ಪ್ರಶ್ನೆ: ಮೈಸೂರಿನ ಪೂರ್ಣಯ್ಯ ನಾಲೆ ಎಲ್ಲಿ ಹರಿಯುತ್ತಿತ್ತು? ಅದು ಟಿಪ್ಪುವಿನ ಗುಪ್ತ ಸುರಂಗ ಅನ್ನುತ್ತಾರಲ್ಲ?

ಉತ್ತರ: ದಸರಾ ಹತ್ತಿರ ಬಂತೆಂದರೆ ಈ ಸುರಂಗದ ಕಥೆ ಎದ್ದು ಕೂರುತ್ತದೆ, ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ಅದು ಸುರಂಗವಲ್ಲ, ತೆರೆದ ಕಾಲುವೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಆಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು, ನದಿ ಅಲ್ಲೇ ಉಳಿಯಿತು. ಊರಿಗೆ ಕಾವೇರಿ ತರಬೇಕೆಂದು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ನಾಲೆ ತೋಡಿಸಿದರು. ಆದರೆ ‘ಹರಿಯುತ್ತಿತ್ತು’ ಅನ್ನುವುದೇ ತಪ್ಪು. ಕಾವೇರಿ ಅದರಲ್ಲಿ ಊರು ಮುಟ್ಟಲೇ ಇಲ್ಲ.

ಎತ್ತರ ನೋಡಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇವತ್ತು ಕನ್ನಂಬಾಡಿ ಕಟ್ಟೆ ಭರ್ತಿಯಾದರೂ ನೀರು ನಿಲ್ಲುವುದು ಸುಮಾರು 750ರಲ್ಲಿ. ಕಟ್ಟೆಯೂ ಪಂಪೂ ಇಲ್ಲದ ಕಾಲದಲ್ಲಿ ಬರೀ ಹರಿವಿನಿಂದ ನೀರು ತರಬೇಕಾದರೆ ನದಿಯ ಮೇಲ್ಭಾಗಕ್ಕೆ ಬಹುದೂರ ಹೋಗಬೇಕು, ದಿಬ್ಬ ಬಂದಲ್ಲಿ ಬಳಸಬೇಕು, ಇಲ್ಲವೇ ಆಳವಾಗಿ ಕಡಿಯಬೇಕು. ಕೊನೆಗೆ 1896ರಲ್ಲಿ ವಾಣಿವಿಲಾಸ ಜಲಾಗಾರದ ಯಂತ್ರಗಳೇ ಕಾವೇರಿಯನ್ನು ಮೇಲೆತ್ತಬೇಕಾಯಿತು.

ಊರೊಳಗಿನ ಒಣ ನಾಲೆಗೆ ಕೊಳಚೆ ಸೇರಿತು. 19ನೇ ಶತಮಾನದ ಕೊನೆಗೆ ಅದನ್ನು ಮುಚ್ಚಿ ರಸ್ತೆ ಮಾಡಿ ಬರೋಡಾ ಮಹಾರಾಜರ ಹೆಸರಿಟ್ಟರು. ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ ಅದೇ.

ಊರ ಹೊರಗಿನ ಭಾಗವನ್ನೂ ಸತ್ತದ್ದೆಂದು ಬರೆಯಬೇಡಿ, ದಯವಿಟ್ಟು. ಕುಕ್ಕರಹಳ್ಳಿ ಕೆರೆಗೆ ಮಳೆನೀರು ತರುತ್ತಿದ್ದದ್ದು ಅದು. ಬಡಾವಣೆಗಳು ಅಡ್ಡ ಎದ್ದ ಮೇಲೆ ಕೆರೆಗೆ ಮಳೆನೀರು ತಪ್ಪಿ, ಕೊಳಚೆ ಬಂತು.

ಪ್ರಶ್ನೆ: ವರುಣಾ ನಾಲೆ ಇದರದೇ ಕವಲೇ?

ಉತ್ತರ: ಅಲ್ಲ. ಅದು ಕನ್ನಂಬಾಡಿಯಿಂದ ಬರುವ, ನಮ್ಮ ಕಾಲದ ನಾಲೆ.

ಪ್ರಶ್ನೆ: ನಾಲೆಯ ದಂಡೆಯಲ್ಲಿ ನಿಧಿ ಇದೆಯಂತೆ, ಅಂಜನ ಹಾಕಿ ನೋಡಿದ್ದಾರೆ.

ಉತ್ತರ: ಅಂಜನ ಹಾಕಿದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ‘ಹಳೇ ನಾಲೆ, ಈಗ ನೀರಿಲ್ಲ’ ಅಂತ ಬ್ರೋಕರ್ ಅದರ ಪಕ್ಕದ ಸೈಟು ತೋರಿಸಿದ್ದಾರೆ. ಕೊಳ್ಳಬಹುದೇ?

ಉತ್ತರ: ಮೊದಲು ಗ್ರಾಮ ನಕ್ಷೆ ತೆಗೆಸಿ, ಸರ್ವೆಯರ್ ಕೈಲಿ ಅಳತೆ ಮಾಡಿಸಿ. ನಾಲೆಯ ಖರಾಬು ಜಾಗ (ದಾಖಲೆಯಲ್ಲಿ ಸಾಗುವಳಿಗಲ್ಲವೆಂದು ಬಿಟ್ಟದ್ದು) ಒಂದಡಿ ಸೇರಿದ್ದರೂ ಬಿಟ್ಟುಬಿಡಿ. ನಮ್ಮ ನೆಂಟರೊಬ್ಬರು ಇಂಥದ್ದೇ ಸೈಟಿನಲ್ಲಿ ಮನೆ ಕಟ್ಟಿ, ಒಂದು ರಾತ್ರಿಯ ಮಳೆಗೆ ಮಕ್ಕಳನ್ನು ಮಂಚದ ಮೇಲೆ ಕೂರಿಸಿಕೊಂಡು ಬೆಳಗು ಮಾಡಿದರು. ಕಾಗದಪತ್ರ ಸರಿಯಿದ್ದರೂ ನಾನು ಕೊಳ್ಳುವುದಿಲ್ಲ.